ನಂತೂರಿನ ಹೊಗೆ, ಕದ್ರಿಯ ನಡಿಗೆ: ಸಕ್ಕರೆಗೆ ಎರಡು ಖಾತೆ

ಡಿಸೆಂಬರ್ ತಿಂಗಳ ಬೆಳಿಗ್ಗೆ ಆರು ಗಂಟೆ. ಮಂಗಳೂರಿನ ಬಿಕರ್ನಕಟ್ಟೆಯಿಂದ ಹೊರಟು, ನಂತೂರು ವೃತ್ತ ದಾಟಿ, ಕದ್ರಿ ಪಾರ್ಕಿನವರೆಗೆ ಹೋಗಿ ಬರುವುದು ನನ್ನ ಸೋದರಮಾವನ ದಿನಚರಿ. ಬ್ಯಾಂಕಿನಿಂದ ನಿವೃತ್ತರಾದವರು. ಹಿಂದಿನ ವರ್ಷ ಅವರ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, 6.1 ಎಂದು ಬಂದಿತ್ತು. ಕಾಯಿಲೆ ಎನ್ನುವ ಗೆರೆ 6.5ಕ್ಕೆ. ಅಂಚಿನಲ್ಲಿ ನಿಂತಿದ್ದೀರಿ, ನಡೆಯಿರಿ ಎಂದು ವೈದ್ಯರು ಹೇಳಿದರು, ಮಾವ ನಡೆಯತೊಡಗಿದರು.

ಒಂದು ದಿನ ನಾನೂ ಜೊತೆಗೆ ಹೋದೆ. ಹೆದ್ದಾರಿ 66ಕ್ಕೆ ಮೂಡುಬಿದಿರೆ ಕಡೆಯ ರಸ್ತೆ ಬಂದು ಕೂಡುವ ನಂತೂರಿನಲ್ಲಿ ಆ ಹೊತ್ತಿಗಾಗಲೇ ಅನಿಲ ಟ್ಯಾಂಕರ್‌ಗಳು, ನೀರು ಸುರಿಸುತ್ತಾ ಹೋಗುವ ಮೀನಿನ ಲಾರಿಗಳು, ಮೊದಲ ಟ್ರಿಪ್ಪಿನ ಬಸ್ಸುಗಳು. ರಸ್ತೆಯ ಮೇಲೆ ಮಂಜಿನಂಥದ್ದೇನೋ ತೆಳ್ಳಗೆ ನಿಂತಿತ್ತು. ಮಂಜಿಗೆ ಡೀಸೆಲ್ ವಾಸನೆ ಇರುವುದಿಲ್ಲ. ನಡೆಯಲು ಫುಟ್‌ಪಾತ್ ಎಂದು ಹೇಳಬಹುದಾದದ್ದು ಅಲ್ಲಿರಲಿಲ್ಲವಾದ್ದರಿಂದ ಡಾಂಬರು ಮುಗಿದು ಕೆಂಪು ಮಣ್ಣು ಶುರುವಾಗುವ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು ನಡೆದೆವು. ಹೊರಡುವ ಬಸ್ಸೊಂದು ಕರಿಹೊಗೆ ಬಿಟ್ಟಾಗ ಮಾವ ಕರವಸ್ತ್ರ ಮೂಗಿಗೆ ಹಿಡಿದು, ತಿರುಗಿ ನೋಡದೆಯೇ ಕೇಳಿದರು: "ಈ ಹೊಗೆ ಕುಡಿಯುವುದಕ್ಕಿಂತ ಮನೆಯಲ್ಲಿ ಕುಳಿತರೆ ಒಳ್ಳೆಯದಲ್ಲವಾ ಮಾರಾಯ?"

ಪ್ರಶ್ನೆ ಸರಿಯಾದದ್ದೇ. ವೈದ್ಯರ ಕೊಠಡಿಯಲ್ಲಿ ನಡಿಗೆಯ ಮಾತು ಬರುತ್ತದೆ, ಅನ್ನ ಕಡಿಮೆ ಮಾಡುವ ಮಾತು ಬರುತ್ತದೆ. ಗಾಳಿಯ ಮಾತು ಬರುವುದು ಕೆಮ್ಮು, ದಮ್ಮು ಇದ್ದವರಿಗೆ ಮಾತ್ರ. ಹೊಗೆಗೂ ಸಕ್ಕರೆಗೂ ಏನು ಸಂಬಂಧ ಎಂದು ಹುಬ್ಬೇರಿಸುವವರೇ ಹೆಚ್ಚು.

ಸಂಬಂಧ ಇದೆ. ಹಳೆಯದಾಗಿಯೇ ಇದೆ, ನಮ್ಮ ಮನೆಮಾತಿಗೆ ಬಂದಿಲ್ಲ ಅಷ್ಟೆ. ಗಾಳಿಯಲ್ಲಿ ತೇಲುವ ಕಣಗಳಲ್ಲಿ ಎರಡೂವರೆ ಮೈಕ್ರಾನ್‌ಗಿಂತ ಚಿಕ್ಕವನ್ನು ಪಿಎಂ 2.5 ಎನ್ನುತ್ತಾರೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅದರ ಮುಂದೆ ಇವು ಏನೂ ಅಲ್ಲ. ಮೂಗಿನ ಕೂದಲು, ಗಂಟಲಿನ ಲೋಳೆ ಯಾವುದೂ ಇವನ್ನು ಪೂರ್ತಿ ತಡೆಯಲಾರವು. ಶ್ವಾಸಕೋಶದ ತುದಿಯ ಗಾಳಿಚೀಲಗಳಿಗೇ ಇಳಿಯುತ್ತವೆ. ಅತಿ ಸಣ್ಣವು ರಕ್ತಕ್ಕೂ ದಾಟುತ್ತವೆ. ಅಲ್ಲಿ ಕಾವಲಿರುವ ರಕ್ಷಣಾ ಕೋಶಗಳು ಇವನ್ನು ನುಂಗಲು ಹೋಗಿ ಉರಿಯೂತದ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತವೆ. ಒಂದು ದಿನದ ಉರಿಯೂತವಾದರೆ ದೇಹ ಮರೆತುಬಿಡುತ್ತದೆ. ವರ್ಷಗಟ್ಟಲೆ ಸಣ್ಣ ಉರಿಯಲ್ಲಿ ಬೇಯುತ್ತಲೇ ಇದ್ದರೆ ಯಕೃತ್ತು, ಸ್ನಾಯು, ಕೊಬ್ಬಿನ ಕೋಶಗಳು ಇನ್ಸುಲಿನ್ನಿನ ಮಾತು ಕೇಳುವುದನ್ನು ಕಡಿಮೆ ಮಾಡುತ್ತವೆ. ಮಧುಮೇಹಕ್ಕೆ ಇದೇ ಹೆಬ್ಬಾಗಿಲು. ಹೊಟ್ಟೆಯ ಬೊಜ್ಜು ಮಾಡುವ ಕೆಲಸವನ್ನೇ ಹೊಗೆಯೂ ಇನ್ನೊಂದು ದಾರಿಯಿಂದ ಬಂದು ಮಾಡುತ್ತದೆ.

ಇದು ಇಲಿಗಳ ಮೇಲಿನ ಪ್ರಯೋಗಕ್ಕೆ ನಿಂತ ಮಾತಲ್ಲ. ದೆಹಲಿ ಮತ್ತು ಚೆನ್ನೈಯ ಹನ್ನೆರಡು ಸಾವಿರಕ್ಕೂ ಹೆಚ್ಚು ವಯಸ್ಕರನ್ನು 2010ರಿಂದ 2017ರವರೆಗೆ ಹಿಂಬಾಲಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ವಾರ್ಷಿಕ ಸರಾಸರಿ ಪಿಎಂ 2.5 ಘನಮೀಟರಿಗೆ 10 ಮೈಕ್ರೋಗ್ರಾಂ ಏರಿದರೆ ಹೊಸದಾಗಿ ಮಧುಮೇಹ ಬರುವ ಅಪಾಯ ಶೇ. 22ರಷ್ಟು ಏರುತ್ತದೆ ಎಂಬುದು ಅದರ ಮುಖ್ಯ ಲೆಕ್ಕ. ಮಂಗಳೂರಿನವರು ಇದನ್ನು ದೆಹಲಿಯ ಕಥೆ ಎಂದು ಬದಿಗಿಡುವ ಮುನ್ನ ಚೆನ್ನೈಯನ್ನು ನೆನೆಯಬೇಕು. ಅದೂ ಕಡಲ ಊರೇ. ಅಲ್ಲೂ ಮಧ್ಯಾಹ್ನ ಕಡಲ ಗಾಳಿ ಬೀಸುತ್ತದೆ. ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಇನ್ನೂ ದೊಡ್ಡ ಅಂದಾಜು ಮುಂದಿಟ್ಟಿತ್ತು: 2016ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಹೊಸ ಮಧುಮೇಹ ಪ್ರಕರಣಗಳಿಗೆ ಈ ಕಣಗಳೇ ಹೊಣೆ. ಒಟ್ಟು ಹೊಸ ಪ್ರಕರಣಗಳಲ್ಲಿ ಇದು ಶೇ. 14.

ಇನ್ನೊಂದು ಕಡೆಯ ಲೆಕ್ಕ ನಡಿಗೆಯದು. ನಡೆಯುವಾಗ ಕಾಲಿನ ಸ್ನಾಯು ಸಂಕುಚಿಸಿದರೆ, ಕೋಶದೊಳಗೆ ಅವಿತಿರುವ ಗ್ಲುಟ್-4 ಎಂಬ ಪ್ರೋಟೀನು ಮೇಲಕ್ಕೆ ಬಂದು ರಕ್ತದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಸಾಮಾನ್ಯವಾಗಿ ಇದಕ್ಕೆ ಇನ್ಸುಲಿನ್ನಿನ ಅಪ್ಪಣೆ ಬೇಕು. ದುಡಿಯುವ ಸ್ನಾಯುವಿಗೆ ಆ ಅಪ್ಪಣೆಯೂ ಬೇಡ. ಇನ್ಸುಲಿನ್ನಿಗೆ ಕಿವಿಗೊಡದ ದೇಹಕ್ಕೂ ನಡಿಗೆ ಪ್ರಯೋಜನಕ್ಕೆ ಬರುವುದು ಈ ಹಿತ್ತಿಲ ಬಾಗಿಲಿನಿಂದಾಗಿ.

ಹಾಗಾದರೆ ಹೊಗೆಯಲ್ಲಿ ನಡೆದರೆ? ತೈವಾನಿನಲ್ಲಿ 2001ರಿಂದ 2016ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ಆರೋಗ್ಯ ತಪಾಸಣೆಯ ದಾಖಲೆಗಳನ್ನು ಇಟ್ಟುಕೊಂಡು ಹಾಂಗ್‌ಕಾಂಗ್‌ನ ಸಂಶೋಧಕರು ಇದೇ ಪ್ರಶ್ನೆ ಕೇಳಿದರು. ಹೆಚ್ಚು ನಡೆದವರಿಗೆ, ಆಡಿದವರಿಗೆ ಮಧುಮೇಹ ಕಡಿಮೆ. ಹೆಚ್ಚು ಹೊಗೆ ಕುಡಿದವರಿಗೆ ಹೆಚ್ಚು. ಇದು ನಿರೀಕ್ಷಿತವೇ. ಕುತೂಹಲದ ಸಂಗತಿ ಇದರಾಚೆಗಿದೆ. ಗಾಳಿ ಕೆಟ್ಟಿರುವ ಕಡೆಯಲ್ಲೂ ವ್ಯಾಯಾಮದ ಲಾಭ ಉಳಿದಿತ್ತು. ವ್ಯಾಯಾಮ ಮಾಡುವವರಲ್ಲೂ ಗಾಳಿಯ ಕೇಡು ಉಳಿದಿತ್ತು.

ಮಾವ ಬ್ಯಾಂಕಿನವರಾದ್ದರಿಂದ ಅವರಿಗೆ ಅವರದೇ ಭಾಷೆಯಲ್ಲಿ ಹೇಳಿದೆ: ಇವು ಎರಡು ಬೇರೆ ಖಾತೆ. ಉಳಿತಾಯ ಖಾತೆಗೆ ದಿನಾ ದುಡ್ಡು ಕಟ್ಟುತ್ತೀರಿ, ಬಡ್ಡಿ ಬರುತ್ತದೆ. ಆದರೆ ಸಾಲದ ಖಾತೆ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. "ವರ್ಗಾವಣೆ ಮಾಡುವ ಹಾಗಿಲ್ಲವೇ?" ಎಂದರು. ಇಲ್ಲ.

ಒಂದು ಅಪವಾದವನ್ನು ಮುಚ್ಚಿಡಬಾರದು. ದಕ್ಷಿಣ ಕೊರಿಯಾದಲ್ಲಿ 20ರಿಂದ 39 ವಯಸ್ಸಿನ ಸುಮಾರು 15 ಲಕ್ಷ ಮಂದಿಯನ್ನು ಗಮನಿಸಿದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಾಳಿ ತೀರಾ ಕೆಟ್ಟಿದ್ದ ಕಡೆ ವ್ಯಾಯಾಮವನ್ನು ಬಹಳ ಹೆಚ್ಚಿಸಿಕೊಂಡವರಲ್ಲಿ ಹೃದ್ರೋಗದ ಅಪಾಯ ಏರಿತ್ತು. ಅದು ಹೃದಯದ ಲೆಕ್ಕ, ಸಕ್ಕರೆಯದಲ್ಲ. ಆದರೂ ಮ್ಯಾರಥಾನ್ ಹುಮ್ಮಸ್ಸಿನಲ್ಲಿ ಹೆದ್ದಾರಿಯ ಪಕ್ಕ ಹತ್ತು ಕಿಲೋಮೀಟರ್ ಓಡುವ ನಮ್ಮ ಹುಡುಗರು ಇದನ್ನು ತಿಳಿದಿರುವುದು ಒಳ್ಳೆಯದು. ಮಾವನಂಥವರ ಮುಕ್ಕಾಲು ಗಂಟೆಯ ನಡಿಗೆಗೆ ಈ ಭಯ ಬೇಡ. 2016ರಲ್ಲಿ ಕೇಂಬ್ರಿಡ್ಜ್ ತಂಡವೊಂದು ಸಾವಿನ ಒಟ್ಟು ಅಪಾಯವನ್ನು ಮುಂದಿಟ್ಟು ಲೆಕ್ಕ ಹಾಕಿತ್ತು: ಪಿಎಂ 2.5 ಮಟ್ಟ ಘನಮೀಟರಿಗೆ 100 ಮೈಕ್ರೋಗ್ರಾಂ ಇರುವ ಊರಿನಲ್ಲೂ ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ನಡೆದರೆ ಮಾತ್ರ ಲಾಭಕ್ಕಿಂತ ಹಾನಿ ಹೆಚ್ಚು. ದಿನಕ್ಕೆ ಹತ್ತು ಗಂಟೆ ನಡೆಯುವ ನಿವೃತ್ತ ಬ್ಯಾಂಕ್ ನೌಕರ ನಮ್ಮ ಜಿಲ್ಲೆಯಲ್ಲಿ ಇರಲಾರರು.

ಪುಸ್ತಕದ ಲೆಕ್ಕ ಬಿಟ್ಟು ಒಂದು ಮನೆಲೆಕ್ಕ ಹಾಕೋಣ. ಸುಮ್ಮನೆ ಕುಳಿತಾಗ ನಿಮಿಷಕ್ಕೆ ಎಂಟು ಲೀಟರಿನಷ್ಟು ಗಾಳಿ ಎಳೆದುಕೊಳ್ಳುತ್ತೇವೆ. ಬಿರುಸಾಗಿ ನಡೆಯುವಾಗ ಇಪ್ಪತ್ತೈದು ಎಂದಿಟ್ಟುಕೊಳ್ಳಿ. ಗಾಳಿಯಲ್ಲಿ ಪಿಎಂ 2.5 ಮಟ್ಟ 30 ಎಂದು ಭಾವಿಸಿದರೆ, ಒಂದು ಗಂಟೆ ನಡೆದಾಗ ಒಳಗೆ ಹೋಗುವುದು ಸುಮಾರು 45 ಮೈಕ್ರೋಗ್ರಾಂ. ಅದೇ ಗಂಟೆ ಕುಳಿತಿದ್ದರೆ 14. ನಡಿಗೆಯಿಂದ ಹೆಚ್ಚಾದದ್ದು ಸುಮಾರು 30. ಆದರೆ ದಿನವಿಡೀ ನಾವು ಉಸಿರಾಡುವುದು ಏನಿಲ್ಲವೆಂದರೂ 13 ಘನಮೀಟರ್ ಗಾಳಿ. ಅದರಲ್ಲಿ ಸುಮಾರು 390 ಮೈಕ್ರೋಗ್ರಾಂ. ಅಂದರೆ ನಡಿಗೆ ಸೇರಿಸುವುದು ನೂರಕ್ಕೆ ಏಳೆಂಟು. ಉಳಿದದ್ದು ಮಲಗಿದಾಗ, ಅಂಗಡಿಯಲ್ಲಿ ಕುಳಿತಾಗ, ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಹೋಗುವಂಥದ್ದು. ಹೊಗೆಗೆ ಹೆದರಿ ಮನೆಯಲ್ಲಿ ಕುಳಿತವರು ಬಿಡುವುದು ಆ ಏಳೆಂಟನ್ನು ಮಾತ್ರ, ನಡಿಗೆಯ ಲಾಭವನ್ನಾದರೋ ಇಡಿಯಾಗಿ ಕಳೆದುಕೊಳ್ಳುತ್ತಾರೆ.

ಅದೇ ಗಂಟೆಯನ್ನು ನಂತೂರಿನ ಅಂಚಿನಲ್ಲಿ, ದುಪ್ಪಟ್ಟು ಹೊಗೆಯಲ್ಲಿ ಕಳೆದರೆ? ಆಗ ಹೋಗುವುದು 90. ಹೆಚ್ಚುವರಿ ನೂರಕ್ಕೆ ಇಪ್ಪತ್ತರ ಹತ್ತಿರ. ನಡೆಯಬೇಕೇ ಬೇಡವೇ ಎಂದು ಕೇಳುವುದಕ್ಕಿಂತ ಎಲ್ಲಿ, ಯಾವಾಗ ಎಂದು ಕೇಳುವುದು ಲೇಸು ಎನ್ನುವುದಕ್ಕೆ ಈ ಎರಡು ಅಂಕಿಗಳು ಸಾಕು. ವಾಹನದ ಹೊಗೆಯ ಸಾಂದ್ರತೆ ರಸ್ತೆಯಿಂದ ದೂರ ಸರಿದಂತೆ ಬೇಗ ಇಳಿಯುತ್ತದೆ. ನೂರಿನ್ನೂರು ಮೀಟರ್ ಒಳಗೆ ಹೋದರೆ ದೊಡ್ಡ ವ್ಯತ್ಯಾಸ. ಮಂಗಳೂರಿಗೆ ಇದರಲ್ಲಿ ಅದೃಷ್ಟವಿದೆ. ಕೆಂಪು ಮುರಕಲ್ಲಿನ ಪಾಗಾರಗಳ ನಡುವೆ ಏರಿಳಿಯುವ ಓಣಿಗಳು ಈ ಊರಿನಲ್ಲಿ ಎಷ್ಟಿಲ್ಲ! ಬಿಕರ್ನಕಟ್ಟೆಯಿಂದ ಕದ್ರಿ ಗುಡ್ಡದ ಕಡೆಗೆ ಒಳದಾರಿ ಹಿಡಿದರೆ ಏರು ಹತ್ತಿದ ಲಾಭವೂ ಸಿಗುತ್ತದೆ. ಉಡುಪಿಯವರಿಗೆ ಅಜ್ಜರಕಾಡು, ಮಣಿಪಾಲದವರಿಗೆ ಮಣ್ಣಪಳ್ಳದ ಕೆರೆದಂಡೆ, ಎಂಡ್ ಪಾಯಿಂಟ್ ಇವೆ. ಆದರೆ ಪಾರ್ಕಿಗೆ ತಲುಪುವ ದಾರಿಯೇ ಹೆದ್ದಾರಿಯ ಅಂಚಾದರೆ ಪಾರ್ಕಿನ ಶುದ್ಧ ಗಾಳಿಗೆ ದುಬಾರಿ ಟಿಕೆಟ್ ಕೊಟ್ಟ ಹಾಗೆ. ಫುಟ್‌ಪಾತ್ ಇಲ್ಲದ್ದನ್ನು ನಾವು ಅಪಘಾತದ ವಿಷಯ ಎಂದೇ ಮಾತನಾಡುತ್ತೇವೆ. ಪಾದಚಾರಿಯನ್ನು ಸೈಲೆನ್ಸರಿನ ಪಕ್ಕಕ್ಕೇ ತಳ್ಳುವ ರಸ್ತೆ ಸಕ್ಕರೆ ಕಾಯಿಲೆಯ ವಿಷಯವೂ ಹೌದೆಂದು ಪಾಲಿಕೆಯ ಸಭೆಯಲ್ಲಿ ಯಾರಾದರೂ ಹೇಳಿದರೆ ನಗುತ್ತಾರೇನೋ.

ಯಾವಾಗ ಎಂಬುದು ಇನ್ನೂ ಸ್ವಾರಸ್ಯದ್ದು. ಕರಾವಳಿಯಲ್ಲಿ ಹಗಲು ಕಡಲಿನಿಂದ ನೆಲಕ್ಕೆ ಗಾಳಿ ಬೀಸುತ್ತದೆ, ರಾತ್ರಿಯಿಂದ ಬೆಳಗಿನವರೆಗೆ ನೆಲದಿಂದ ಕಡಲಿಗೆ. ಚಳಿಗಾಲದ ಮುಂಜಾನೆ ಈ ನೆಲಗಾಳಿ ಬಹಳ ಮೆಲ್ಲಗಿರುತ್ತದೆ. ನೆಲ ತಣ್ಣಗಾಗಿ ಅದರ ಮೇಲಿನ ತಂಪುಗಾಳಿ ಮುಚ್ಚಳ ಹಾಕಿದಂತೆ ಕೆಳಗೇ ನಿಲ್ಲುತ್ತದೆ. ರಾತ್ರಿಯ ಲಾರಿಗಳ ಹೊಗೆ, ಬೆಳಗಿನ ಒಲೆಗಳ ಹೊಗೆ ಎಲ್ಲವೂ ಅದರೊಳಗೇ. ಬಿಸಿಲೇರಿ ಕಡಲ ಗಾಳಿ ಎದ್ದ ಮೇಲೆ ಮುಚ್ಚಳ ತೆರೆಯುತ್ತದೆ. ನಾವು ಹೊಸ ಬೂಟು ಕೊಂಡು ವಾಕಿಂಗ್ ಶುರು ಮಾಡುವುದು ಯಾವಾಗ? ಡಿಸೆಂಬರ್, ಜನವರಿ, ಬೆಳಗಿನ ಜಾವ. "ಶುದ್ಧ ಗಾಳಿ" ಎಂಬ ನಂಬಿಕೆಯ ಮೇಲೆ. ಜೂನ್ ಬಂದು, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆ ಗಾಳಿಯನ್ನು ತೊಳೆದು ಒಣಹಾಕಿದಂತೆ ಮಾಡಿದಾಗ ಬೂಟು ಕಪಾಟು ಸೇರುತ್ತದೆ, ಸೆಪ್ಟೆಂಬರಿನಲ್ಲಿ ಬೂಷ್ಟು ಹಿಡಿದು ಹೊರಗೆ ಬರುತ್ತದೆ. ಗಾಳಿ ಚೆನ್ನಾಗಿರುವ ನಾಲ್ಕು ತಿಂಗಳು ನಾವು ಕುಳಿತು ಗೋಳಿಬಜೆ ತಿನ್ನುತ್ತೇವೆ. ಕೊಡೆ ಹಿಡಿದು ನಡೆಯುವುದಕ್ಕೆ ನಾಚಿಕೆಯೇಕೋ ಗೊತ್ತಿಲ್ಲ. ಇದೇ ಊರಿನ ಹಿಂದಿನ ತಲೆಮಾರು ಗೊರಬು ಹೊದ್ದು ಮಳೆಯಲ್ಲೇ ಗದ್ದೆಗೆ ಇಳಿಯುತ್ತಿತ್ತು.

ಮೊಬೈಲಿನಲ್ಲಿ ಹಸಿರು ಬಣ್ಣ ನೋಡಿ ಸಮಾಧಾನಪಡುವವರಿಗೂ ಒಂದು ಮಾತು. ನಮ್ಮ ದೇಶದ ವಾಯು ಗುಣಮಟ್ಟ ಸೂಚ್ಯಂಕದಲ್ಲಿ 50ರವರೆಗೆ "ಉತ್ತಮ". ಆ 50 ಎಂದರೆ ದಿನದ ಸರಾಸರಿ ಪಿಎಂ 2.5 ಮಟ್ಟ 30. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ದಿನದ ಮಿತಿ 15. ವರ್ಷದ ಸರಾಸರಿಯಂತೂ ಅವರ ಪ್ರಕಾರ 5ನ್ನು ಮೀರಬಾರದು. ನಮ್ಮ 2009ರ ಮಾನದಂಡ 40ರವರೆಗೆ ಬಿಡುತ್ತದೆ. ಹಾಗಾಗಿ ಹಸಿರು ಎಂದರೆ ದೆಹಲಿಗಿಂತ ಎಷ್ಟೋ ವಾಸಿ ಎಂದು ಓದಿಕೊಳ್ಳಬೇಕು. ಕದ್ರಿಯ ಮಾಪನ ಕೇಂದ್ರದ ಅಂಕಿ ಕಾರ್ಖಾನೆಗಳಿರುವ ಬೈಕಂಪಾಡಿಯ ಕಾರ್ಮಿಕನ ಶ್ವಾಸಕೋಶದ ಅಂಕಿಯೂ ಅಲ್ಲ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಆರಂಭವಾದಾಗ ಕರ್ನಾಟಕದಿಂದ ಸೇರಿದ ಊರುಗಳು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಮಂಗಳೂರು ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲದ ಊರಿಗೆ ಆ ಹಣವೂ ಇಲ್ಲ, ಆ ಒತ್ತಡವೂ ಇಲ್ಲ.

ಪಣಂಬೂರಿನ ಬಂದರು, ರಸಗೊಬ್ಬರ ಕಾರ್ಖಾನೆ, ಕುತ್ತೆತ್ತೂರಿನ ತೈಲ ಶುದ್ಧೀಕರಣಾಗಾರ, ಬೈಕಂಪಾಡಿ ಕೈಗಾರಿಕಾ ಪ್ರದೇಶ, ಉಡುಪಿ ಕಡೆಗೆ ಬಂದರೆ ಯಲ್ಲೂರಿನ 1200 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರ. ಹೊಗೆ ಎಂದರೆ ನಮ್ಮಲ್ಲಿ ಎಲ್ಲರ ಬೆರಳೂ ಈ ಕಡೆಗೆ ತಿರುಗುತ್ತದೆ. ಪಣಂಬೂರು ಕಡೆಯ ನಮ್ಮ ಬಂಧುಗಳ ಮನೆಯ ಚಾವಡಿಯಲ್ಲಿ ಬಿಳಿ ಪ್ಲಾಸ್ಟಿಕ್ ಕುರ್ಚಿಯೊಂದಿದೆ. ಹೋದಾಗಲೆಲ್ಲ ಅತ್ತಿಗೆ ಮೊದಲು ಒದ್ದೆಬಟ್ಟೆಯಿಂದ ಕುರ್ಚಿ ಒರೆಸಿ, ಆ ಬಟ್ಟೆಯನ್ನು ನನಗೆ ತೋರಿಸಿಯೇ ಕುಳಿತುಕೊಳ್ಳಲು ಹೇಳುವುದು. ಬಟ್ಟೆ ಕಪ್ಪಾಗಿರುತ್ತದೆ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಬಟ್ಟೆಗೆ ಅಂಟುವ ದಪ್ಪ ಧೂಳಿನಲ್ಲಿ ಬಹುಪಾಲನ್ನು ಮೂಗು ಗಂಟಲೇ ಹಿಡಿದುಬಿಡುತ್ತವೆ. ರಕ್ತದವರೆಗೆ ಇಳಿಯುವ ಕಣ ಕಣ್ಣಿಗೆ ಕಾಣುವುದಿಲ್ಲ, ಬಟ್ಟೆ ಒರೆಸಿ ಸಾಕ್ಷಿ ತೋರಿಸುವಂತಿಲ್ಲ. ಕುರ್ಚಿ ಬೆಳ್ಳಗಿರುವ ಮನೆಯೂ ಸುರಕ್ಷಿತವೆಂದು ಹೇಳಲಾಗದು.

ಮನೆಯ ಹೊಗೆಯಂತೂ ನಮ್ಮದೇ. ಅಡುಗೆಗೆ ಗ್ಯಾಸ್ ಬಂದಿದೆ, ಬಚ್ಚಲಿನ ಹಂಡೆಗೆ ಇನ್ನೂ ಎಷ್ಟೋ ಕಡೆ ತೆಂಗಿನ ಮಡಲು, ಸಿಪ್ಪೆ, ಗೆರಟೆಯೇ. ನೀರು ಕಾಯಿಸುವ ಅರ್ಧ ಗಂಟೆ ಆ ಮನೆಯ ಗಾಳಿ ನಂತೂರಿಗೇನೂ ಕಡಿಮೆಯಿಲ್ಲ. ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾದರೆ ಮುಗಿಯಿತು.

ಈ ಚರ್ಚೆಯಲ್ಲಿ ಯಾವಾಗಲೂ ಬಿಟ್ಟುಹೋಗುವವಳು ಬೀಡಿ ಕಟ್ಟುವ ಹೆಂಗಸು. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಎಷ್ಟು ಸಂಸಾರಗಳು ಈ ಕೆಲಸದ ಮೇಲೆ ನಿಂತು ಮಕ್ಕಳನ್ನು ಓದಿಸಿವೆ ಎಂಬುದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ತೊಡೆಯ ಮೇಲೆ ಮೊರ, ಮೊರದಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ. ಬೆಳಿಗ್ಗೆ ಕುಳಿತರೆ ಮಧ್ಯಾಹ್ನ ಊಟಕ್ಕೆ ಏಳುವುದು, ಮತ್ತೆ ಕುಳಿತರೆ ದೀಪ ಹಚ್ಚುವ ಹೊತ್ತು. ಕದಲದ ಸ್ನಾಯು, ಮೂಗಿನ ಕೆಳಗೆ ತಂಬಾಕಿನ ಧೂಳು, ಸಂಜೆ ಬಚ್ಚಲೊಲೆ: ಉಳಿತಾಯ ಖಾತೆಯಲ್ಲಿ ಏನೂ ಇಲ್ಲ, ಸಾಲದ ಖಾತೆ ಮಾತ್ರ ಚಾಲ್ತಿಯಲ್ಲಿದೆ. ಭಾರತದ ವಯಸ್ಕರಲ್ಲಿ ಅರ್ಧದಷ್ಟು ಮಂದಿ ಸಾಕಷ್ಟು ಚಟುವಟಿಕೆ ಇಲ್ಲದವರು, ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು ಎಂದು 2024ರ ಜಾಗತಿಕ ಅಂದಾಜೊಂದು ಹೇಳಿದಾಗ ಪತ್ರಿಕೆಗಳು "ಸೋಮಾರಿ ಭಾರತ" ಎಂಬ ಧಾಟಿಯಲ್ಲಿ ಬರೆದವು. ಸಾವಿರ ಬೀಡಿ ಕಟ್ಟಿ ಎದ್ದವಳನ್ನು ಸೋಮಾರಿ ಎನ್ನಲು ಧೈರ್ಯ ಬೇಕು. ವಾರಕ್ಕೆ 150 ನಿಮಿಷ ನಡೆಯಿರಿ ಎಂಬ ಸಲಹೆ ಇಂಥವಳಿಗೆ ಅರ್ಥವಾಗುವುದು ತುಂಡು ಮಾಡಿ ಕೊಟ್ಟಾಗ: ಪ್ರತಿ ಊಟದ ನಂತರ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ಅಡ್ಡಾಡುವುದು. ಗಂಜಿ ಊಟದ ಬಳಿಕ ಏರುವ ಸಕ್ಕರೆಗೆ ಬೆಳಗಿನ ಜಾವದ ಒಂದು ದೊಡ್ಡ ನಡಿಗೆಗಿಂತ ಈ ತುಂಡು ನಡಿಗೆಯೇ ಹೆಚ್ಚು ಮದ್ದು. ಹೆದ್ದಾರಿ ದಾಟುವ ಅಗತ್ಯವೂ ಇಲ್ಲ.

ಇಷ್ಟೆಲ್ಲ ಯಾಕೆ ಬರೆಯಬೇಕಾಯಿತು ಎಂದರೆ, ನಮ್ಮ ಎರಡೂ ಮಗ್ಗುಲಿನವರ ಅಂಕಿ ನೋಡಿ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಮಧುಮೇಹ ಶೇ. 11.4 ಇದ್ದರೆ ಗೋವಾದಲ್ಲಿ 26.4, ಕೇರಳದಲ್ಲಿ 25.5. ಬಡಗಕ್ಕೆ ಗೋವಾ, ತೆಂಕಕ್ಕೆ ಕೇರಳ, ನಡುವೆ ನಾವು. ಅದೇ ಅಕ್ಕಿ, ಅದೇ ತೆಂಗು, ಅದೇ ಗದ್ದೆ ಬಿಟ್ಟು ಕುರ್ಚಿ ಹಿಡಿದ ತಲೆಮಾರು. ಇವೆರಡೂ ದೆಹಲಿಯಂಥ ಹೊಗೆಯ ಊರುಗಳಲ್ಲ ಎಂಬುದನ್ನೂ ಗಮನಿಸಬೇಕು. ಗಾಳಿಯೊಂದೇ ಕಾರಣವಾಗಿದ್ದರೆ ಗೋವಾ ಮೊದಲ ಸಾಲಿನಲ್ಲಿ ಇರುತ್ತಿರಲಿಲ್ಲ. ಊಟ, ವಯಸ್ಸು, ವಂಶ, ಕುಳಿತ ಬದುಕು ಇವುಗಳ ಪಾಲು ದೊಡ್ಡದು. ಹೊಗೆ ಅದರ ಮೇಲೆ ಸೇರುವ ಬಡ್ಡಿ. ಆದರೆ ಊಟ, ನಡಿಗೆಗಳನ್ನು ಒಬ್ಬೊಬ್ಬರು ತಮ್ಮ ಪಾಡಿಗೆ ತಿದ್ದಿಕೊಳ್ಳಬಹುದು. ಗಾಳಿಯನ್ನು ಒಬ್ಬರೇ ತಿದ್ದಿಕೊಳ್ಳಲು ಬರುವುದಿಲ್ಲ. ಸೈಲೆನ್ಸರ್ ತಪಾಸಣೆ, ಧೂಳೇಳದ ಸಾಗಾಟ, ಕಸ ಸುಡದಂತೆ ನೋಡಿಕೊಳ್ಳುವುದು, ಒಳದಾರಿಗಳಿಗೆ ದೀಪ ಮತ್ತು ಫುಟ್‌ಪಾತ್, ಇವುಗಳ ಹೊಣೆ ಇರುವವರು "ದಿನಾ ವಾಕಿಂಗ್ ಮಾಡಿ" ಎಂಬ ಫಲಕ ನೆಟ್ಟು ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಮಾವ ಈಗ ದಾರಿ ಬದಲಿಸಿದ್ದಾರೆ. ಚಳಿಗಾಲದಲ್ಲಿ ಏಳೂವರೆಯ ನಂತರವೇ ಹೊರಡುವುದು, ಒಳಗಿನ ಓಣಿಯಲ್ಲೇ. ರಾತ್ರಿ ಊಟವಾದ ಮೇಲೆ ಮನೆಯ ಸುತ್ತ ಕಾಲು ಗಂಟೆ. ಈಚಿನ ಪರೀಕ್ಷೆಯಲ್ಲಿ 5.9 ಬಂತು. ಹೊಗೆ ಬಿಟ್ಟದ್ದಕ್ಕೋ, ರಾತ್ರಿಯ ಅನ್ನ ಬಿಟ್ಟದ್ದಕ್ಕೋ ಹೇಳಲು ಬರುವುದಿಲ್ಲ. ಹೋದ ವಾರ ಮತ್ತೆ ಜೊತೆಗೆ ಹೋಗಿದ್ದೆ. ಓಣಿಯ ಕೊನೆಯ ತಿರುವಿನಲ್ಲಿ, ಹಲಸಿನ ಮರದ ಕೆಳಗೆ ಯಾರೋ ತರಗೆಲೆ ಗುಡಿಸಿ ರಾಶಿ ಹಾಕಿ ಬೆಂಕಿ ಕೊಟ್ಟಿದ್ದರು. ರಾಶಿಯ ನಡುವೆ ಎರಡು ಮೂರು ಹಾಲಿನ ಪ್ಯಾಕೆಟ್‌ಗಳು ಸುರುಟಿಕೊಳ್ಳುತ್ತಾ ಕರಗುತ್ತಿದ್ದವು. ಮಾವ ಒಂದು ಕ್ಷಣ ನಿಂತು, ಕಿಸೆಯಿಂದ ಅದೇ ಕರವಸ್ತ್ರ ತೆಗೆದರು.